ಆದರ್ಶವಾದಿಗಳಿಗೆ ರಾಜಕೀಯ ಒಗ್ಗುವುದಿಲ್ಲವೇ?

“ಅವಳು ತುಂಬ ಒಳ್ಳೆಯವಳು. ಅನ್ಯಾಯ ಕಂಡರೆ ಸುಮ್ಮನಿರುವುದಿಲ್ಲ. ಆದರೆ ರಾಜಕೀಯ ಅವಳಿಗಲ್ಲ. ಏನಾದರೂ ಸಮಾಜ ಸೇವೆ ಮಾಡಿಕೊಂಡಿರಲಿ.”

ಪ್ರಿಯ ಸಹೋದರಿಯರೇ, ಈ ಮಾತನ್ನು ನೀವೂ ಕೇಳಿರುತ್ತೀರಿ. ಬಹುಶಃ ಮಗಳ ಬಗ್ಗೆಯೋ ತಮ್ಮನ ಬಗ್ಗೆಯೋ ನೀವೇ ಆಡಿರುತ್ತೀರಿ. ಮನಸ್ಸಿನಲ್ಲಿ ಆದರ್ಶ ಮತ್ತು ಆವೇಶ ಎರಡೂ ಇರುವವರು ಧರಣಿ ಕೂರಲಿ, ಮನವಿ ಕೊಡಲಿ, ಶಾಲೆ ನಡೆಸಲಿ, ರಕ್ತದಾನ ಶಿಬಿರ ಮಾಡಲಿ. ಮತ ಕೇಳುವ, ಪಕ್ಷ ಕಟ್ಟುವ, ರಾಜಿಯಾಗುವ ಕೆಲಸ ಅವರಿಂದ ಆಗದು ಎಂಬುದು ನಮ್ಮಲ್ಲಿ ಬೇರೂರಿದ ನಂಬಿಕೆ. ಅಲ್ಲಿಗೆ ಹೋದರೆ ಒಂದೋ ಅವರು ಕೆಟ್ಟುಹೋಗುತ್ತಾರೆ, ಇಲ್ಲವೇ ಮನನೊಂದು ಮರಳುತ್ತಾರೆ ಎನ್ನುತ್ತೇವೆ.

ಈ ನಂಬಿಕೆ ಎಷ್ಟು ಸರಿ? ಇದು ಕೇವಲ ಚರ್ಚೆಯ ವಿಷಯವಲ್ಲ. ಕರ್ನಾಟಕದ ಪಂಚಾಯತ್‌ಗಳಲ್ಲಿ 2010ರ ತಿದ್ದುಪಡಿಯ ನಂತರ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿವೆ. ಭಾಲ್ಕಿ ಅಥವಾ ಔರಾದ್‌ನ ಹಳ್ಳಿಯೊಂದರಲ್ಲಿ, ಬೀದರ್ ನಗರದ ವಾರ್ಡೊಂದರಲ್ಲಿ ಮೀಸಲಾತಿ ಪಟ್ಟಿ ಪ್ರಕಟವಾದ ಮರುದಿನವೇ ಯಾರಾದರೂ ನಿಮ್ಮ ಮನೆಯ ಬಾಗಿಲು ತಟ್ಟಿ, “ನಿಮ್ಮ ಸೊಸೆಯನ್ನು ನಿಲ್ಲಿಸಿ” ಎಂದು ಕೇಳಬಹುದು. ಆಗ ಏನು ಉತ್ತರ ಕೊಡಬೇಕೆಂದು ಈಗಲೇ ಯೋಚಿಸುವುದು ಒಳ್ಳೆಯದು. ಅದಕ್ಕೆ ನಮ್ಮ ಜಿಲ್ಲೆಯ ಚರಿತ್ರೆಯೇ ಸಾಕಷ್ಟು ಪಾಠ ಹೇಳುತ್ತದೆ.

ಹಿರಿಯರ ಭಯಕ್ಕೆ ಕಾರಣವಿದೆ

ನಮ್ಮ ಭಾಗದ ಹಿರಿಯರು ರಾಜಕೀಯವೆಂದರೆ ಹಿಂಜರಿಯುವುದು ಹೇಡಿತನದಿಂದಲ್ಲ. ಅವರ ಕುಟುಂಬಗಳು 1948ನ್ನು ಕಂಡಿವೆ.

ಆಗ ಬೀದರ್ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ನೆರೆಯ ಲಾತೂರಿನಲ್ಲಿ ವಕೀಲರಾಗಿದ್ದ ಖಾಸಿಮ್ ರಝ್ವಿ ಮಜ್ಲಿಸೆ ಇತ್ತೆಹಾದುಲ್ ಮುಸ್ಲಿಮೀನ್‌ನ ಅಧ್ಯಕ್ಷರಾದರು, ರಝಾಕಾರರ ನಾಯಕರಾದರು. ಅವರಿಗೆ ಆವೇಶದ ಕೊರತೆ ಇರಲಿಲ್ಲ. ತಾವು ನಂಬಿದ್ದಕ್ಕಾಗಿ ಪ್ರಾಣ ಕೊಡಲೂ ಸಿದ್ಧ ಎನ್ನುವ ಭಾಷಣಗಳಿಗೆ ಜನ ಸೇರುತ್ತಿದ್ದರು. ಆದರೆ ರಾಜಿ ಎಂಬ ಪದವೇ ಅವರಿಗೆ ಆಗಿಬರುತ್ತಿರಲಿಲ್ಲ. 1947ರ ಅಕ್ಟೋಬರ್‌ನಲ್ಲಿ ನಿಜಾಮರ ನಿಯೋಗ ಮಾತುಕತೆಗಾಗಿ ದಿಲ್ಲಿಗೆ ಹೊರಡಬೇಕಿದ್ದಾಗ, ಅವರ ಬೆಂಬಲಿಗರು ನಿಯೋಗದವರ ಮನೆಗಳನ್ನೇ ಸುತ್ತುವರಿದು ಪ್ರಯಾಣ ತಡೆದರು. ಮುಂದಿನ ತಿಂಗಳುಗಳಲ್ಲಿ ರಝಾಕಾರರು ಹಳ್ಳಿಗಳಲ್ಲಿ ನಡೆಸಿದ ಹಿಂಸೆಯನ್ನು ನಮ್ಮ ಜಿಲ್ಲೆಯ ಹಿಂದೂ ಕುಟುಂಬಗಳು ಇಂದಿಗೂ ನೆನೆಯುತ್ತವೆ. ಅದನ್ನು ಅಲ್ಲಗಳೆಯುವುದರಿಂದ ನಮಗೆ ಯಾವ ಗೌರವವೂ ಸಿಗುವುದಿಲ್ಲ.

1948ರ ಸೆಪ್ಟೆಂಬರ್ 17ರಂದು ನಿಜಾಮರ ಆಳ್ವಿಕೆ ಕೊನೆಗೊಂಡಿತು. ಆಮೇಲಿನ ದಿನಗಳಲ್ಲಿ ಬಡ ಮುಸ್ಲಿಮ್ ಕುಟುಂಬಗಳು ತೆತ್ತ ಬೆಲೆ ಭಯಾನಕವಾದುದು. ಕೇಂದ್ರ ಸರಕಾರ ಕಳುಹಿಸಿದ ಪಂಡಿತ್ ಸುಂದರ್‌ಲಾಲ್ ಸಮಿತಿಯು ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರನ್ನೂ ಹೆಸರಿಸಿತು. ಭಾಷಣ ಮಾಡಿದವರು ಒಬ್ಬರು, ಮನೆ ಮಠ ಕಳೆದುಕೊಂಡವರು ಮತ್ತೊಬ್ಬರು. “ನಮಗೆ ರಾಜಕೀಯ ಬೇಡ” ಎಂಬ ಅಜ್ಜಿಯರ ಮಾತಿನ ಹಿಂದೆ ಈ ನೋವಿದೆ.

ಆದರೆ ಅದೇ ಹೈದರಾಬಾದ್‌ನಲ್ಲಿ, ಅದೇ ದಿನಗಳಲ್ಲಿ ಇನ್ನೊಬ್ಬ ಮುಸ್ಲಿಮ್ ಆದರ್ಶವಾದಿಯೂ ಇದ್ದರು. ‘ಇಮ್ರೋಝ್’ ಎಂಬ ಉರ್ದು ಪತ್ರಿಕೆಯ ಯುವ ಸಂಪಾದಕ ಶೋಯಬುಲ್ಲಾ ಖಾನ್. ಸಂಸ್ಥಾನವು ಭಾರತದೊಂದಿಗೆ ಸೇರುವುದೇ ಜನರಿಗೆ ಹಿತವೆಂದು ಅವರು ನಿರ್ಭಯವಾಗಿ ಬರೆದರು. 1948ರ ಆಗಸ್ಟ್‌ನಲ್ಲಿ ಅವರನ್ನು ರಸ್ತೆಯಲ್ಲೇ ಕೊಲ್ಲಲಾಯಿತು. ಇಬ್ಬರಲ್ಲೂ ಆವೇಶವಿತ್ತು, ಇಬ್ಬರಲ್ಲೂ ದೃಢತೆಯಿತ್ತು. ಒಬ್ಬರು ತನ್ನ ಮಾತಿನ ಬೆಲೆಯನ್ನು ತಾನೇ ತೆತ್ತರು. ಇನ್ನೊಬ್ಬರ ಮಾತಿನ ಬೆಲೆಯನ್ನು ಹಳ್ಳಿಹಳ್ಳಿಯ ಬಡವರು ತೆತ್ತರು. ಆದುದರಿಂದ ಒಬ್ಬರನ್ನು ಅಳೆಯುವಾಗ ಎಷ್ಟು ಆವೇಶವಿದೆ ಎಂದು ನೋಡಿದರೆ ಸಾಲದು. ಅವರು ಇಡುವ ಹೆಜ್ಜೆಯ ಪರಿಣಾಮ ಯಾರ ಮೇಲೆ ಬೀಳುತ್ತದೆ, ಅದಕ್ಕೆ ಅವರು ಹೊಣೆ ಹೊರುತ್ತಾರೆಯೇ ಎಂಬುದನ್ನೂ ನೋಡಬೇಕು.

ಹೊರಗಿದ್ದು ಮಾಡಿದ ಕೆಲಸ

ಅಧಿಕಾರದ ಗೊಡವೆಗೆ ಹೋಗದೆ ಬಹಳಷ್ಟು ಸಾಧಿಸಬಹುದು ಎಂಬುದಕ್ಕೆ ಭಾಲ್ಕಿಯೇ ಸಾಕ್ಷಿ. ನಿಜಾಮರ ಕಾಲದಲ್ಲಿ ಆಡಳಿತದ ಭಾಷೆ ಉರ್ದು, ಶಾಲೆಯ ಭಾಷೆಯೂ ಉರ್ದು. ಕನ್ನಡ ಮನೆಮಾತಿನ ಮಕ್ಕಳಿಗೆ ತಮ್ಮ ಭಾಷೆಯಲ್ಲಿ ಕಲಿಯಲು ಅವಕಾಶವಿರಲಿಲ್ಲ. ಆಗ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದರೆಂಬುದು ನಮ್ಮ ಜಿಲ್ಲೆಯಲ್ಲಿ ಮಕ್ಕಳಿಗೂ ಗೊತ್ತಿರುವ ಸಂಗತಿ. ಭಾಲ್ಕಿಯಲ್ಲಿ, ಅಂದು ಔರಾದ್ ತಾಲ್ಲೂಕಿನಲ್ಲಿದ್ದ ಕಮಲನಗರದಲ್ಲಿ ಅವರು ಬೆಳೆಸಿದ ಶಾಲೆಗಳಲ್ಲಿ ಸಾವಿರಾರು ಮಕ್ಕಳು ಅಕ್ಷರ ಕಲಿತರು. 1999ರಲ್ಲಿ, ನೂರು ದಾಟಿದ ವಯಸ್ಸಿನಲ್ಲಿ ಅವರು ನಿಧನರಾದರು.

ಉರ್ದು ನಮ್ಮಲ್ಲಿ ಅನೇಕರ ಮನೆಮಾತು. ತಾಯಿಯ ಭಾಷೆಯಲ್ಲಿ ಕಲಿಯುವ ಆಸೆ ಎಂಥದೆಂದು ನಮಗೆ ಚೆನ್ನಾಗಿ ಗೊತ್ತು. ಆದುದರಿಂದ ಈ ಕತೆಯನ್ನು ಯಾರ ವಿರುದ್ಧದ ಕತೆಯೆಂದೂ ತಿಳಿಯಬೇಕಾಗಿಲ್ಲ. ಇಲ್ಲಿ ಗಮನಿಸಬೇಕಾದದ್ದು ಅವರ ವಿಧಾನವನ್ನು. ಅವರು ಗುರಿಯಲ್ಲಿ ಒಂದಿಷ್ಟೂ ಹಿಂದೆ ಸರಿಯಲಿಲ್ಲ, ಆದರೆ ಫಲಕದ ವಿಷಯದಲ್ಲಿ ಹಟ ಹಿಡಿಯಲಿಲ್ಲ. ಕನ್ನಡದ ಫಲಕವನ್ನೇ ಹಾಕುತ್ತೇನೆಂದು ಪಟ್ಟು ಹಿಡಿದಿದ್ದರೆ ಶಾಲೆ ಮುಚ್ಚುತ್ತಿತ್ತು, ಮಕ್ಕಳು ಮನೆಗೆ ಹೋಗುತ್ತಿದ್ದರು. ರಾಜಿ ಎಂಬುದು ರಾಜಕಾರಣಿಗಳಿಗೆ ಮಾತ್ರ ಸೇರಿದ್ದು ಎನ್ನುವವರು ಈ ಫಲಕವನ್ನು ನೆನೆಯಬೇಕು. ಹೊರಗಿನ ಕೆಲಸಕ್ಕೂ ಅದು ಬೇಕು.

ಬೇಡಿಕೆ ಕಾನೂನಾಗುವುದು ಹೇಗೆ?

ನಿಮ್ಮ ಮಗಳು ಸಿಇಟಿ ಅಥವಾ ನೀಟ್ ಬರೆದಿದ್ದರೆ 371(ಜೆ) ಪ್ರಮಾಣಪತ್ರಕ್ಕಾಗಿ ನೀವು ಕಚೇರಿಗೆ ಅಲೆದಿರುತ್ತೀರಿ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಮತ್ತು ಈಗಿನ ವಿಜಯನಗರ ಜಿಲ್ಲೆಗಳ ಮಕ್ಕಳಿಗೆ ಈ ಭಾಗದ ಕಾಲೇಜುಗಳಲ್ಲಿ ಶೇಕಡಾ 70 ಸೀಟು, ರಾಜ್ಯದ ಉಳಿದ ಕಡೆ ಶೇಕಡಾ 8 ಸೀಟು ದೊರೆಯುವುದು ಅದರಿಂದಲೇ. ಸರಕಾರಿ ಉದ್ಯೋಗದಲ್ಲೂ ಈ ಭಾಗದವರಿಗೆ ದೊಡ್ಡ ಪಾಲು ಸಿಗುತ್ತದೆ. ನಮ್ಮ ಎಷ್ಟೋ ಹೆಣ್ಣುಮಕ್ಕಳು ಬೀದರ್‌ನ ವೈದ್ಯಕೀಯ ಕಾಲೇಜಿಗೆ ಕಾಲಿಡಲು ಸಾಧ್ಯವಾದದ್ದರ ಹಿಂದೆ ಆ ಒಂದು ಕಾಗದವಿದೆ.

ಈ ಕಾಗದ ತಾನಾಗಿ ಬಂದದ್ದಲ್ಲ. ಆಂಧ್ರಪ್ರದೇಶಕ್ಕೆ ಸಂವಿಧಾನದ 371(ಡಿ) ವಿಧಿಯಡಿ ಸಿಕ್ಕ ಸೌಲಭ್ಯ ನಮ್ಮ ಭಾಗಕ್ಕೂ ಬೇಕೆಂದು ವೈಜನಾಥ ಪಾಟೀಲರು ಹೈದರಾಬಾದ್ ಕರ್ನಾಟಕ ಹೋರಾಟ ಸಮಿತಿಯ ಮೂಲಕ ದಶಕಗಳ ಕಾಲ ಚಳವಳಿ ನಡೆಸಿದರು. ಹೇಳಿದ್ದನ್ನೇ ಹೇಳುವ ಹಟಮಾರಿ ಎಂದು ಜನ ಬೇಸರಿಸಿದ್ದೂ ಇದೆ. ಎನ್‌ಡಿಎ ಸರಕಾರದ ಕಾಲದಲ್ಲಿ ಕೇಂದ್ರವು ಈ ಬೇಡಿಕೆಯನ್ನು ತಳ್ಳಿಹಾಕಿತು. ಚಳವಳಿ ಮುಗಿಯಿತೆಂದು ಅನೇಕರು ತಿಳಿದರು. ಪಾಟೀಲರು ಹಾಗೆ ತಿಳಿಯಲಿಲ್ಲ.

ಅವರು ಚಿಂಚೋಳಿಯಿಂದ ಶಾಸಕರೂ ಆಗಿದ್ದರು, ಮಂತ್ರಿಯೂ ಆಗಿದ್ದರು. ಆದರೆ ಇಂದು ಜನ ಅವರನ್ನು ಮಂತ್ರಿಯೆಂದು ನೆನೆಯುವುದಕ್ಕಿಂತ 371(ಜೆ) ಹೋರಾಟಗಾರರೆಂದು ನೆನೆಯುವುದೇ ಹೆಚ್ಚು. ಇದನ್ನು ನೋಡಿ, ಆದರ್ಶವಾದಿಗೆ ಬೀದಿಯೇ ಸರಿಯಾದ ಜಾಗ ಎಂದು ತೀರ್ಮಾನಿಸಲು ಮನಸ್ಸಾಗುತ್ತದೆ. ಆದರೆ ಕತೆ ಅಲ್ಲಿಗೇ ಮುಗಿಯುವುದಿಲ್ಲ. 2012ರ ಡಿಸೆಂಬರ್‌ನಲ್ಲಿ ಸಂಸತ್ತು 98ನೆಯ ತಿದ್ದುಪಡಿಯನ್ನು ಅಂಗೀಕರಿಸಿದಾಗ ಬೀದರ್‌ನ ಲೋಕಸಭಾ ಸದಸ್ಯರಾಗಿದ್ದವರು ಧರ್ಮಸಿಂಗ್, ಕಲಬುರಗಿಯಿಂದ ಗೆದ್ದು ಕೇಂದ್ರ ಸಚಿವರಾಗಿದ್ದವರು ಮಲ್ಲಿಕಾರ್ಜುನ ಖರ್ಗೆ. ಪಕ್ಷದೊಳಗೆ ಒಪ್ಪಿಗೆ ಪಡೆಯುವುದು, ಬೇರೆ ರಾಜ್ಯಗಳ ಸದಸ್ಯರ ಮತ ಕೂಡಿಸುವುದು, ಸಂವಿಧಾನ ತಿದ್ದುಪಡಿಗೆ ಬೇಕಾದ ಮೂರನೆಯ ಎರಡರಷ್ಟು ಬಹುಮತ ಹೊಂದಿಸುವುದು ಧರಣಿ ಮಂಟಪದಿಂದ ಆಗುವ ಕೆಲಸವಲ್ಲ. ಬೀದಿಯಲ್ಲಿ ಕೂಗು ಇಲ್ಲದಿದ್ದರೆ ದಿಲ್ಲಿಗೆ ಆ ವಿಷಯ ನೆನಪಾಗುತ್ತಿರಲಿಲ್ಲ. ದಿಲ್ಲಿಯಲ್ಲಿ ಆ ಕೂಗನ್ನು ಎತ್ತಿಕೊಳ್ಳುವವರು ಇಲ್ಲದಿದ್ದರೆ ಅದು ಕೂಗಾಗಿಯೇ ಉಳಿಯುತ್ತಿತ್ತು. ವೈಜನಾಥ ಪಾಟೀಲರು 2019ರಲ್ಲಿ ತೀರಿಕೊಳ್ಳುವ ಮೊದಲು ತಮ್ಮ ಬೇಡಿಕೆ ಕಾನೂನಾದದ್ದನ್ನು ಕಂಡರು. ಎಲ್ಲ ಹೋರಾಟಗಾರರಿಗೂ ಆ ಭಾಗ್ಯವಿರುವುದಿಲ್ಲ.

ಒಳಗೆ ಹೋದ ಆದರ್ಶವಾದಿಗಳು

ಹಾಗಾದರೆ ಆದರ್ಶವಾದಿಯೇ ಒಳಗೆ ಹೋದರೆ ಏನಾಗುತ್ತದೆ? ಬೀದರ್‌ನ ಹಳೆಯ ಊರಿನಲ್ಲಿ ಉತ್ತರದ ಒಂದು ಭಾಗ ಕಲ್ಲಿನಲ್ಲಿ ನಿಂತಿದೆ. ಮಹಮೂದ್ ಗವಾನ್ ಇರಾನಿನ ಗೀಲಾನ್‌ನಿಂದ ಬಂದವರು, ಬಹಮನಿ ರಾಜ್ಯದ ಪ್ರಧಾನಿಯಾದರು. 1472ರಲ್ಲಿ ಪೂರ್ಣಗೊಂಡ ಅವರ ಮದ್ರಸ ಅಂದಿನ ದೊಡ್ಡ ವಿದ್ಯಾಕೇಂದ್ರ. ಅವರು ನಾಲ್ಕು ಪ್ರಾಂತಗಳನ್ನು ಎಂಟಾಗಿ ವಿಂಗಡಿಸಿದರು, ಪ್ರಾಂತಾಧಿಕಾರಿಗಳ ಕೈಯಲ್ಲಿ ಒಂದೊಂದೇ ಕೋಟೆ ಬಿಟ್ಟು ಉಳಿದವನ್ನು ಸುಲ್ತಾನನ ನೇರ ಹಿಡಿತಕ್ಕೆ ತಂದರು, ಜಮೀನಿನ ಅಳತೆ ಮಾಡಿಸಿದರು. ಇದರಿಂದ ನಷ್ಟವಾದ ಸರದಾರರು ಸುಮ್ಮನೆ ಕೂರಲಿಲ್ಲ. ಅವರ ಮುದ್ರೆಯಿದ್ದ ಖಾಲಿ ಕಾಗದದ ಮೇಲೆ ದ್ರೋಹದ ಪತ್ರ ಸೃಷ್ಟಿಸಿದರು. 1481ರಲ್ಲಿ ಸುಲ್ತಾನ ವಿಚಾರಣೆಯನ್ನೂ ಮಾಡದೆ ಆ ವೃದ್ಧ ಮಂತ್ರಿಯ ತಲೆ ಕಡಿಸಿದ. ಸತ್ಯ ತಿಳಿದು ಪಶ್ಚಾತ್ತಾಪ ಪಟ್ಟರೂ ರಾಜ್ಯ ಉಳಿಯಲಿಲ್ಲ, ಕೆಲವೇ ದಶಕಗಳಲ್ಲಿ ಐದು ಹೋಳಾಯಿತು.

ಇದನ್ನು ಓದಿದವರು, “ನೋಡಿ, ಒಳ್ಳೆಯವರಿಗೆ ಅಧಿಕಾರದಲ್ಲಿ ಇದೇ ಗತಿ” ಎನ್ನಬಹುದು. ಆದರೆ ಗವಾನರಿಗೆ ಇದ್ದ ಆಸರೆ ಒಬ್ಬ ಅರಸನ ವಿಶ್ವಾಸ ಮಾತ್ರ. ಅದು ಕಳಚಿದ ದಿನ ಅವರ ಪರವಾಗಿ ನಿಲ್ಲಲು ಹೊರಗೆ ಯಾರಿಗೂ ಶಕ್ತಿಯಿರಲಿಲ್ಲ. ಇಂದು ಹಾಗಲ್ಲ. ಮತ ಹಾಕಿದವರಿದ್ದಾರೆ, ಪತ್ರಿಕೆಯಿದೆ, ನ್ಯಾಯಾಲಯವಿದೆ.

ನಮ್ಮ ಕಾಲದ ಉದಾಹರಣೆಯೆಂದರೆ ಗುಂಡ್ಲುಪೇಟೆಯ ಅಬ್ದುಲ್ ನಝೀರ್ ಸಾಬ್. ರಾಮಕೃಷ್ಣ ಹೆಗಡೆ ಸರಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಾಗಿದ್ದ ಅವರು ಹಳ್ಳಿಹಳ್ಳಿಗೆ ಕೊಳವೆ ಬಾವಿ ಕೊಡಿಸಿದರು. ಕೊಡ ಹೊತ್ತು ಮೈಲಿಗಟ್ಟಲೆ ನಡೆಯುತ್ತಿದ್ದ ಹೆಂಗಸರ ಭಾರ ಇಳಿಸಿದ ಆ ಮಂತ್ರಿಯನ್ನು ಜನ ಜಾತಿ ಧರ್ಮ ನೋಡದೆ ‘ನೀರ್ ಸಾಬ್’ ಎಂದು ಕರೆದರು.

ನೀರಿಗಿಂತ ದೊಡ್ಡ ಕೆಲಸ ಇನ್ನೊಂದಿತ್ತು. 1983ರ ಪಂಚಾಯತ್ ಕಾನೂನಿನಲ್ಲಿ ಅವರು ಶೇಕಡಾ 25 ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಟ್ಟರು. ಅಧಿಕಾರವನ್ನು ಜಿಲ್ಲೆಗೂ ಹಳ್ಳಿಗೂ ಹಂಚುವ ಈ ಕಾನೂನು ಶಾಸಕರಿಗೆ ರುಚಿಸುವಂತಹುದಾಗಿರಲಿಲ್ಲ, ಅವರ ಕೈಯಲ್ಲಿದ್ದುದನ್ನೇ ಅದು ಕೆಳಗಿಳಿಸುತ್ತಿತ್ತು. ನಝೀರ್ ಸಾಬ್ ಸಿಟ್ಟಿನಿಂದ ರಾಜೀನಾಮೆ ಬಿಸಾಡಿ ಹೊರಬಂದಿದ್ದರೆ ಕೈಚಪ್ಪಾಳೆ ಸಿಗುತ್ತಿತ್ತು. ಅವರು ಒಳಗೇ ಇದ್ದು ಒಬ್ಬೊಬ್ಬರನ್ನೂ ಒಪ್ಪಿಸಿದರು. ರಾಷ್ಟ್ರಪತಿಗಳ ಅಂಕಿತಕ್ಕೆ 1985ರವರೆಗೆ ಕಾದರು. ಚುನಾವಣೆ ನಡೆದದ್ದು 1987ರಲ್ಲಿ. ಮರುವರ್ಷ, 1988ರಲ್ಲಿ, ಕ್ಯಾನ್ಸರ್ ಅವರನ್ನು ಕೊಂಡೊಯ್ಯಿತು. ಮುಂದೆ 73ನೆಯ ತಿದ್ದುಪಡಿಯಿಂದ ದೇಶದಾದ್ಯಂತ ಪಂಚಾಯತ್‌ಗಳಲ್ಲಿ ಮಹಿಳೆಯರಿಗೆ ಮೂರನೆಯ ಒಂದು ಭಾಗ ಸಿಕ್ಕಿತು. ನಮ್ಮ ರಾಜ್ಯದಲ್ಲಿ ಅದು ಅರ್ಧಕ್ಕೇರಿತು. ಇಂದು ಔರಾದ್‌ನ ಹಳ್ಳಿಯ ಹೆಂಗಸೊಬ್ಬಳು ಪಂಚಾಯತ್ ಅಧ್ಯಕ್ಷೆಯ ಕುರ್ಚಿಯಲ್ಲಿ ಕುಳಿತರೆ, ಅದರ ಮೊದಲ ಕಲ್ಲುಗಳಲ್ಲಿ ಒಂದನ್ನು ಇಟ್ಟವರು ಆದರ್ಶವನ್ನು ಬಿಡದ ಒಬ್ಬ ರಾಜಕಾರಣಿ.

ಖುರ್‌ಆನ್ ಹೇಳುವ ಪ್ರವಾದಿ ಯೂಸುಫ್(ಅ)ರ ಚರಿತ್ರೆ ನಿಮಗೆ ಗೊತ್ತಿದೆ. ಅನ್ಯಾಯವಾಗಿ ಸೆರೆಮನೆ ಕಂಡವರು, ಬಿಡುಗಡೆಯಾದಾಗ ಅರಮನೆಯಿಂದ ದೂರ ಹೋಗಲಿಲ್ಲ. ಉಗ್ರಾಣದ ಹೊಣೆಯನ್ನು ತಾನೇ ಕೇಳಿ ಪಡೆದರು, ಬರಗಾಲದಲ್ಲಿ ಜನರಿಗೆ ಧಾನ್ಯ ಹಂಚಿದರು. ಅಧಿಕಾರವನ್ನು ಅಮಾನತ್ ಎಂದು ತಿಳಿದವರಿಗೆ ಅದು ಕೊಳಕು ವಸ್ತುವಲ್ಲ.

ಯಾರಿಗೆ ಯಾವುದು?

ಎಲ್ಲರೂ ಚುನಾವಣೆಗೆ ನಿಲ್ಲಲಿ ಎಂದು ಇದರ ಅರ್ಥವಲ್ಲ. ಬೀದಿಯ ಕೆಲಸದಲ್ಲಿ ಬಲಶಾಲಿಯಾದವರು ಸದನದಲ್ಲಿ ಸೊರಗಿದ್ದೂ ಉಂಟು. 1980ರ ನರಗುಂದ ನವಲಗುಂದ ರೈತ ಬಂಡಾಯದ ಹಿನ್ನೆಲೆಯಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ರೈತ ಸಂಘವು ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದಲ್ಲಿ ಲಕ್ಷಾಂತರ ರೈತರನ್ನು ಹಸಿರು ಶಾಲಿನಡಿ ಸೇರಿಸಿತು. ಸರಕಾರಗಳು ಅದರ ಹೆಸರಿಗೆ ನಡುಗುತ್ತಿದ್ದವು. ಆದರೆ 1989ರ ಚುನಾವಣೆಯಲ್ಲಿ ಗೆದ್ದದ್ದು ಬೆರಳೆಣಿಕೆಯ ಸ್ಥಾನ. ಮುಂದೆ ನಾಯಕರು ಬೇರೆ ಬೇರೆಯಾದರು. ಆಗ ಗೆದ್ದಿದ್ದ ಬಾಬಾಗೌಡ ಪಾಟೀಲರು ಬಿಜೆಪಿ ಸೇರಿ, 1998ರಲ್ಲಿ ಬೆಳಗಾವಿಯಿಂದ ಲೋಕಸಭೆಗೆ ಹೋಗಿ ಕೇಂದ್ರದಲ್ಲಿ ಮಂತ್ರಿಯಾದರು. ಜಾಥಾಕ್ಕೆ ಬಂದ ರೈತ ಮತ ಹಾಕುವಾಗ ಜಾತಿ, ಪಕ್ಷ, ಬಂಧುತ್ವವನ್ನೂ ನೋಡುತ್ತಾನೆ. ಇದನ್ನು ಅರಿಯದ ಆದರ್ಶವಾದಿಗೆ ಚುನಾವಣೆ ಕಹಿಯಾಗುತ್ತದೆ.

ಹೀಗಿರುವಾಗ ನಮ್ಮ ಮಕ್ಕಳಲ್ಲಿ ಯಾರು ಎಲ್ಲಿಗೆ ಎಂದು ತಿಳಿಯುವುದು ಹೇಗೆ? ಆವೇಶದ ಪ್ರಮಾಣದಿಂದ ಅದು ತಿಳಿಯದು. ಅವಳ ಸ್ವಭಾವದ ಇನ್ನೂ ಮೂರು ಸಂಗತಿಗಳನ್ನು ಗಮನಿಸಿ.

ಒಂದು, ಕೇಳಿದ ಹತ್ತರಲ್ಲಿ ನಾಲ್ಕು ಸಿಕ್ಕಾಗ ಅವಳು ಏನು ಮಾಡುತ್ತಾಳೆ? ನಾಲ್ಕನ್ನು ಪಡೆದು, ಉಳಿದ ಆರನ್ನು ಮರೆಯದೆ ಮುಂದಿನ ವರ್ಷ ಮತ್ತೆ ಕೇಳುವವಳಾದರೆ ಅವಳಿಗೆ ರಾಜಕೀಯ ಒಗ್ಗುತ್ತದೆ. ನಾಲ್ಕನ್ನು ಮುಟ್ಟುವುದೇ ಪಾಪ ಎನ್ನುವವಳು ಹೊರಗಿದ್ದರೆ ಸಮಾಜಕ್ಕೆ ಹೆಚ್ಚು ಉಪಕಾರ. ಆ ಹತ್ತನ್ನು ನೆನಪಿಸುವವರೂ ಬೇಕು.

ಎರಡು, ತನಗೆ ಇಷ್ಟವಿಲ್ಲದವರೊಡನೆ ಕುಳಿತು ಕೆಲಸ ಮಾಡಬಲ್ಲಳೇ? ಪಂಚಾಯತ್ ಸಭೆಯಲ್ಲಿ ಪಕ್ಕದ ಕುರ್ಚಿಯವರು ಬೇರೆ ಪಕ್ಷದವರು, ಬೇರೆ ಕೇರಿಯವರು, ನಿನ್ನೆ ಬೈದವರೂ ಆಗಿರಬಹುದು.

ಮೂರು, ಬೇಸರದ ಕೆಲಸಕ್ಕೆ ತಾಳ್ಮೆ ಇದೆಯೇ? ಭಾಷಣ ಒಂದು ಗಂಟೆಯದು. ಕಡತದ ಕೆಲಸ ವರ್ಷವಿಡೀ ಇರುತ್ತದೆ.

ಒಂದು ನಲ್ಲಿಯ ಉದಾಹರಣೆ

ಔರಾದ್ ಕಡೆಯ ಹಳ್ಳಿಯೊಂದರಲ್ಲಿ ಬೇಸಿಗೆಯಲ್ಲಿ ನಲ್ಲಿಗೆ ನೀರು ಬರುತ್ತಿಲ್ಲ ಎಂದಿಟ್ಟುಕೊಳ್ಳಿ. ಖಾಲಿ ಕೊಡಗಳೊಂದಿಗೆ ಪಂಚಾಯತ್ ಕಚೇರಿ ಎದುರು ಹೆಂಗಸರು ಕುಳಿತರೆ ಮರುದಿನ ಟ್ಯಾಂಕರ್ ಬರುತ್ತದೆ. ಇದು ಹೋರಾಟದ ಫಲ, ಸಣ್ಣದಲ್ಲ. ಆದರೆ ಮುಂದಿನ ಬೇಸಿಗೆಯಲ್ಲೂ ಕೊಡ ಹಿಡಿದು ಕೂರಬಾರದೆಂದರೆ ವಾರ್ಡ್ ಸಭೆಯಲ್ಲಿ ಆ ಕೆಲಸವನ್ನು ಬರೆಸಬೇಕು, ಗ್ರಾಮ ಸಭೆಯಲ್ಲಿ ಒಪ್ಪಿಸಬೇಕು, ಅದು ಕ್ರಿಯಾ ಯೋಜನೆಗೆ ಸೇರಿದೆಯೇ ಎಂದು ಪಿಡಿಒ ಹತ್ತಿರ ನೋಡಬೇಕು, ಹಣ ಬೇರೆ ಓಣಿಗೆ ಹೋಗದಂತೆ ಕಾಯಬೇಕು, ಬಿಲ್ಲಿಗೆ ಸಹಿ ಹಾಕುವ ಮೊದಲು ಪೈಪ್ ಹೂಳಿದ್ದಾರೆಯೇ ಎಂದು ಹೋಗಿ ನೋಡಬೇಕು. ಇದನ್ನು ಮಾಡಬೇಕಾದವಳು ಸದಸ್ಯೆ. ಕೊಡ ಹಿಡಿದು ಕುಳಿತ ಹೆಂಗಸರು ಹೊರಗೆ ಇರುವವರೆಗೆ ಒಳಗೆ ಅವಳ ಮಾತಿಗೆ ತೂಕವಿರುತ್ತದೆ. ಅವರಿಬ್ಬರೂ ಒಬ್ಬರನ್ನೊಬ್ಬರು ಹೀಯಾಳಿಸಲು ತೊಡಗಿದರೆ ಲಾಭ ಗುತ್ತಿಗೆದಾರನಿಗೆ.

ದುರದೃಷ್ಟವೆಂದರೆ ಅನೇಕ ಕಡೆ ಸದಸ್ಯೆಯ ಹೆಸರು ಕಾಗದದಲ್ಲಿ ಮಾತ್ರ. ಸಭೆಗೆ ಹೋಗುವವರು ಪತಿ, ಮಾತನಾಡುವವರು ಮೈದುನ, ಮನೆಗೆ ಬಂದ ಕಡತಕ್ಕೆ ಸಹಿ ಹಾಕುವುದಷ್ಟೇ ಅವಳ ಕೆಲಸ. ಇಂಥದ್ದಕ್ಕೆ ಒಪ್ಪಿ ಮನೆಯ ಹೆಣ್ಣುಮಗಳನ್ನು ನಿಲ್ಲಿಸುವುದಕ್ಕಿಂತ ನಿಲ್ಲಿಸದಿರುವುದು ಮೇಲು. ಏಕೆಂದರೆ ನಾಳೆ ಲೆಕ್ಕದಲ್ಲಿ ತಪ್ಪಾದರೆ ಉತ್ತರ ಹೇಳಬೇಕಾದವಳು ಸಹಿ ಹಾಕಿದವಳೇ.

ಮನೆಯಲ್ಲಿ ಆರಂಭಿಸಿ

ಸಹೋದರಿಯರೇ, ಇದಕ್ಕೆ ತಯಾರಿ ಚುನಾವಣೆಯ ತಿಂಗಳಲ್ಲಿ ಆಗುವುದಿಲ್ಲ. ನಿಮ್ಮ ಮಕ್ಕಳ ಸರಕಾರಿ ಶಾಲೆಯಲ್ಲಿ ಎಸ್‌ಡಿಎಂಸಿ ಇದೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಇಂತಹ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪಾಲಕರು, ಅರ್ಧದಷ್ಟು ಮಂದಿ ಮಹಿಳೆಯರು. ಬಿಸಿಯೂಟದ ಅಕ್ಕಿ, ಶೌಚಾಲಯದ ಬಾಗಿಲು, ಉರ್ದು ಶಿಕ್ಷಕರ ಖಾಲಿ ಹುದ್ದೆ ಇವೆಲ್ಲ ಅಲ್ಲಿ ಎತ್ತಬಹುದಾದ ವಿಷಯಗಳು. ಆ ಸಭೆಗೆ ಹೋಗಿ. ನಡಾವಳಿ ಪುಸ್ತಕವನ್ನು ಓದಿದ ಮೇಲೆಯೇ ಸಹಿ ಹಾಕಿ. ಕಾಲೇಜಿಗೆ ಹೋಗುವ ಮಗಳನ್ನು ಜೊತೆಗೆ ಕರೆದುಕೊಂಡು ಗ್ರಾಮ ಸಭೆಗೆ ಹೋಗಿ, ಹಿಂದಿನ ಸಾಲಿನಲ್ಲಾದರೂ ಕುಳಿತು ಕೇಳಿ. ಎರಡು ಮೂರು ವರ್ಷಗಳಲ್ಲಿ ಅವಳಿಗೇ ತಿಳಿಯುತ್ತದೆ, ತನಗೆ ಕೂಗು ಹಾಕುವುದು ಹೊಂದುತ್ತದೆಯೋ ಕಡತ ಹಿಡಿಯುವುದೋ ಎಂದು.

ಅವಳು ಹೋರಾಟವನ್ನು ಆರಿಸಿಕೊಂಡರೆ, ಅದು ಹೆದರಿ ಆರಿಸಿಕೊಂಡದ್ದಾಗದಿರಲಿ. ರಾಜಕೀಯವನ್ನು ಆರಿಸಿಕೊಂಡರೆ, “ನೀನು ಇಷ್ಟು ಒಳ್ಳೆಯವಳು, ಅಲ್ಲೇಕೆ ಹೋಗುತ್ತೀ” ಎಂದು ತಡೆಯಬೇಡಿ. ಒಳ್ಳೆಯವರೆಲ್ಲ ಹೊರಗೇ ನಿಂತು ಮನವಿ ಕೊಡುತ್ತಿದ್ದರೆ, ಒಳಗೆ ಆ ಮನವಿಯನ್ನು ಪಡೆದುಕೊಳ್ಳುವವರು ಯಾರಾಗಿರುತ್ತಾರೆಂದು ಒಮ್ಮೆ ಯೋಚಿಸಿ. ಮುಂದಿನ ಬಾರಿ ಮೀಸಲಾತಿ ಪಟ್ಟಿ ಬಂದು ಯಾರಾದರೂ ಬಾಗಿಲು ತಟ್ಟಿದಾಗ, ಗಂಡಸರು ಉತ್ತರಿಸುವ ಮೊದಲು ಆ ಹೆಣ್ಣುಮಗಳನ್ನೇ ಕರೆದು ಕೇಳಿ.